ಮನೆ ಮಾರುವ ಮುನ್ನ: ಬಣ್ಣ ಆಮೇಲೆ, ಮೊದಲು ಪಸೆ ಬಿಡಿಸಿ

ಮನೆ ಮಾರಬೇಕೆಂದ ಕೂಡಲೇ ಹೆಚ್ಚಿನವರು ಕರೆಯುವುದು ಪೈಂಟರನ್ನು. ಮಂಗಳೂರು, ಉಡುಪಿ ಕಡೆ ಹಣ ದಂಡವಾಗುವುದೇ ಇಲ್ಲಿ. ಪಸೆ, ಅಂದರೆ ತೇವ, ಹಿಡಿದ ಗೋಡೆಗೆ ಏಪ್ರಿಲ್‌ನಲ್ಲಿ ಬಳಿದ ಬಣ್ಣ ಆಟಿಯ (ಜುಲೈ–ಆಗಸ್ಟ್) ಮಳೆಗೆ ಗುಳ್ಳೆ ಏಳುತ್ತದೆ. ಮನೆ ನೋಡಲು ಬಂದವರು ಆ ಗುಳ್ಳೆಯನ್ನು ಉಗುರಲ್ಲಿ ಕೆದಕಿ ಚೌಕಾಸಿ ಶುರು ಮಾಡುತ್ತಾರೆ. ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿಯಿರಿ. ನವೆಂಬರ್‌ನಲ್ಲಿ ಗೋಡೆ ಕೆತ್ತಿದರೆ ಫೆಬ್ರವರಿಗೆ ಬಣ್ಣ.

ಪಸೆಯ ಮೂಲ

ನೆಲದಿಂದ 2–3 ಅಡಿವರೆಗೆ ಮಾತ್ರ ಪಸೆಯಿದ್ದು, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅದು ನೆಲದ ನೀರು. ಕೆಂಪುಕಲ್ಲಿನ ಮೈತುಂಬ ತೂತು. ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆಳೆಯುತ್ತದೆ. ಬಚ್ಚಲಿನ ಹಿಂದಿನ ಗೋಡೆ ಬೇಸಗೆಯಲ್ಲೂ ಒದ್ದೆಯಿದ್ದರೆ ಪೈಪ್ ಸೋರುತ್ತಿದೆ. ಪಡುವಣದ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಇಳಿದ ಕಲೆಯಾದರೆ ಬಿರುಕಿನಿಂದ ಒಳಬಂದ ಎರಚಲು.

ಅನುಮಾನವಿದ್ದರೆ 1 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, 2 ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ತೇವ, ಕಿಟಕಿ ತೆರೆದಿಟ್ಟರೆ ಸಾಕು.

ಹೊರಗಿನ ಮಣ್ಣು

ಗುದ್ದಲಿಯಷ್ಟೇ ಖರ್ಚು, ಆದರೂ ಯಾರೂ ಮಾಡುವುದಿಲ್ಲ. ಅಂಗಳಕ್ಕೆ ವರ್ಷವರ್ಷವೂ ಮಣ್ಣು ಹಾಕಿ, ಗಿಡದ ಪಾತಿ ಮಾಡಿ, ಪಂಚಾಂಗದ (ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆಯ) ಮಟ್ಟಕ್ಕೇ ನೆಲ ಏರಿರುತ್ತದೆ. ಮನೆಯೊಳಗಿನ ನೆಲಕ್ಕಿಂತ ಕನಿಷ್ಠ ಒಂದು ಅಡಿ ಕೆಳಗಿರುವಂತೆ ತೆಗೆಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಡಿ. ಸೂರಿನ ನೀರು ಬೀಳುವಲ್ಲಿ 2 ಅಡಿ ಅಗಲಕ್ಕೆ ಜಲ್ಲಿ ಹಾಸಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ.

ಸಾರಣೆ ಕೆತ್ತುವುದು

ಎಲ್ಲರೂ ಎಡವುವ ಹಂತ ಇದು. ಪಸೆಯ ಗುರುತು ಎಲ್ಲಿವರೆಗಿದೆಯೋ ಅದಕ್ಕಿಂತ 1 ಅಡಿ ಮೇಲಿನವರೆಗೂ ಹಳೆಯ ಸಾರಣೆ ಕೆತ್ತಿ, ಕಲ್ಲು ಕಾಣಬೇಕು. ಕಲ್ಲಿನ ಸಂದಿನ ಸಡಿಲ ಗಾರೆಯನ್ನೂ ಅರ್ಧ ಇಂಚು ಆಳಕ್ಕೆ ತೆಗೆಸಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಕಲ್ಲಿನೊಳಗೆ ಹೋಗಿ, ಮುಂದಿನ ವರ್ಷ ಹೊಸ ಬಣ್ಣವನ್ನು ಒದ್ದುಕೊಂಡು ಹೊರಬರುತ್ತದೆ. ಆಮೇಲೆ ಗೋಡೆಯನ್ನು ಕನಿಷ್ಠ 3 ವಾರ ಬರಿಮೈಯಲ್ಲಿ ಬಿಡಿ. ಮೇಸ್ತ್ರಿ ಮರುದಿನವೇ ಸಾರಣೆಗೆ ಅವಸರ ಮಾಡುತ್ತಾರೆ, ಒಪ್ಪಬೇಡಿ.

ಹೊಸ ಸಾರಣೆಗೆ 1 ಪಾಲು ಸಿಮೆಂಟ್, 4 ಪಾಲು ಹೊಯ್ಗೆ (ಮರಳು). ಅಳಿವೆ ಬದಿಯ ಉಪ್ಪುನೀರಿನ ಹೊಯ್ಗೆ ಅಗ್ಗಕ್ಕೆ ಸಿಕ್ಕಿದರೂ ಬೇಡ, ಉಪ್ಪನ್ನು ದುಡ್ಡು ಕೊಟ್ಟು ಗೋಡೆಗೆ ತುಂಬಿದ ಹಾಗೆ. ಎಂ-ಸ್ಯಾಂಡ್ ಆದರೆ ಸಾರಣೆಗೆಂದೇ ಬರುವ ನುಣುಪಿನದು ಕೇಳಿ. 50 ಕಿಲೋ ಸಿಮೆಂಟಿಗೆ ವಾಟರ್‌ಪ್ರೂಫ್ ದ್ರಾವಣ ಸಾಮಾನ್ಯವಾಗಿ 200 ಮಿ.ಲೀ.; ಕ್ಯಾನ್ ಮೇಲಿನ ಅಳತೆ ನೋಡಿ, ಅಂದಾಜಿಗೆ ಸುರಿಯಬೇಡಿ. ಕಲ್ಲಿನ ತಗ್ಗು ಮೊದಲು ತುಂಬಿಸಿ, ಅದು ಗಟ್ಟಿಯಾದ ಮೇಲೆ 12–15 ಮಿ.ಮೀ. ಸಾರಣೆ. ಇಷ್ಟು ದಪ್ಪಕ್ಕೆ ಒಂದು ಚೀಲ ಸಿಮೆಂಟಿನಲ್ಲಿ 80ರಿಂದ 100 ಚದರ ಅಡಿ ಆದೀತು. 7 ದಿನ ನೀರುಣಿಸಿ, ಬಣ್ಣಕ್ಕೆ ಮುನ್ನ 28 ದಿನ ಒಣಗಲು ಬಿಡಿ.

ಒಳಗೆ ಹೀಗೆ ಮಾಡಿದ ಗೋಡೆಗೆ ಹೊರಗಿನಿಂದಲೂ ವಾಟರ್‌ಪ್ರೂಫ್ ಬಣ್ಣ ಬಳಿಸಬೇಡಿ. ಎರಡೂ ಬದಿ ಮುಚ್ಚಿದರೆ ನೆಲದ ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಪಿವಿಸಿ ಹಲಗೆ, ವಾಲ್‌ಪೇಪರ್ ಹಾಕಿ ಮುಚ್ಚುವುದಂತೂ ಬೇಡವೇ ಬೇಡ. ಹಿಂದೆ ಬೂಸ್ಟು ಬೆಳೆದು ಬಾಗಿಲು ತೆರೆಯುವಾಗಲೇ ವಾಸನೆ ಹೇಳುತ್ತದೆ.

ಬಣ್ಣ

ಬಿಳಿ ಸಿಮೆಂಟಿನ ಪುಟ್ಟಿ ತೆಳುವಾಗಿ 2 ಕೈ, 180 ನಂಬರಿನ ಎಮರಿ ಕಾಗದದಲ್ಲಿ ಉಜ್ಜಿ, ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ಪಿಒಪಿ, ಜಿಪ್ಸಂ ಪುಟ್ಟಿ ನಮ್ಮ ಹವೆಗೆ ಆಗದು, ಪಸೆ ತಗಲಿದರೆ ಮೆತ್ತಗಾಗುತ್ತದೆ. ಮಾರುವ ಮನೆಗೆ ತೆಳು ಕೆನೆ ಬಣ್ಣವೇ ಸಾಕು.

ಉಳಿದದ್ದು

ತಾರಸಿಯ ನೀರು ಹೋಗುವ ಪೈಪಿನ ಬಾಯಿ ಕಟ್ಟಿ 1 ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗೆ ನೋಡಿ. ಸೋರಿದಲ್ಲಿ ಬಿರುಕು ತುಂಬಿ ಕೋಟಿಂಗ್ ಕೊಡಿಸಿದರಾಯಿತು. ಮಾರುವುದಕ್ಕೆಂದು ಶೀಟಿನ ಮಾಡು ಹಾಕಿಸುವುದು ದಂಡ.

ಹಂಚಿನ ಮನೆಯಾದರೆ ಒಡೆದ ಹಂಚಿನ ಮೇಲಿರುವ ಕಾರ್ಖಾನೆಯ ಹೆಸರು ನೋಡಿ ಅದೇ ಹೆಸರಿನ ಹಳೇ ಹಂಚು ಹುಡುಕಿ. ಬೇರೆ ಕಾರ್ಖಾನೆಯದು ಚಡಿಗೆ ಸರಿಯಾಗಿ ಕೂರದೆ ಗಾಳಿಮಳೆಗೆ ನೀರು ಒಳಬಿಡುತ್ತದೆ. ಹಂಚಿಗೆ ಕೆಂಪು ಪೈಂಟ್ ಬೇಡ. ಹಂಚು ಹೊರುವ ಮರಗಳಾದ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಸ್ಕ್ರೂಡ್ರೈವರ್‌ನಿಂದ ಕುತ್ತಿ ನೋಡಿ.

ಕಾವಿ ನೆಲವನ್ನಾಗಲಿ ಮೊಸಾಯಿಕ್ಕನ್ನಾಗಲಿ ಆಸಿಡ್ ಹಾಕಿ ತೊಳೆಯಬೇಡಿ, ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಮೇಣದ ಪಾಲಿಶ್ ತೆಳುವಾಗಿ ಉಜ್ಜಿ. ಇಂಥ ನೆಲಕ್ಕೆ ಟೈಲ್ಸ್ ಹೊದೆಸುವುದು ಪಾಪ.

ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಆಗಲೇ ಹತ್ತರಿ ಹೊಡೆಸಿದರೆ ಬೇಸಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಜನವರಿಯಲ್ಲೂ ಬಾಗಿಲು ಚೌಕಟ್ಟಿಗೆ ಉಜ್ಜಿದರೆ ಮಾತ್ರ ಕೆತ್ತಿಸಿ. ಗ್ರಿಲ್‌ನ ತುಕ್ಕು ಕೆರೆದು ಪ್ರೈಮರ್ ಹಚ್ಚದೆ ಎನಾಮೆಲ್ ಬಳಿದರೆ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ಎದ್ದುಬರುತ್ತದೆ. ಬಾವಿಯ ಕೆಸರು ತೆಗೆಸಲು ನೀರಿಳಿದ ಏಪ್ರಿಲ್–ಮೇ ತಿಂಗಳೇ ಸರಿ.

ಕಲ್ಲು ಕಾಣುವಂತೆ ಗೋಡೆ ಕೆತ್ತಿಸಿದ ದಿನ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟು, ಕೊಳ್ಳುವವರಿಗೆ ತೋರಿಸಿ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ.