ವಿ.ವಿ.ಯೂ ಬದಲು, ವಿಷಯವೂ ಬದಲು: ಟಿ.ಸಿ.ಗೆ ಅರ್ಜಿ ಬರೆಯುವ ಮೊದಲು

ಮಧುಗಿರಿಯಲ್ಲಿ ಬಸ್ಸು ಹತ್ತಿ ಗೌರಿಬಿದನೂರಿನಲ್ಲಿ ಇಳಿದರೆ ಜಿಲ್ಲೆ ಮಾತ್ರವಲ್ಲ, ವಿಶ್ವವಿದ್ಯಾಲಯವೂ ಬದಲಾಗಿರುತ್ತದೆ. ತುಮಕೂರು ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು 2004ರಲ್ಲಿ ಆರಂಭವಾದ ತುಮಕೂರು ವಿ.ವಿ.ಗೆ ಸೇರಿವೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಬೆಂಗಳೂರು ಉತ್ತರ ವಿ.ವಿ.ಯ ವ್ಯಾಪ್ತಿಯವು. ಹಳೆಯ ಬೆಂಗಳೂರು ವಿ.ವಿ.ಯನ್ನು ಮೂರು ಪಾಲು ಮಾಡಿದಾಗ ಹುಟ್ಟಿದ ಈ ವಿ.ವಿ.ಯ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. ಹೀಗಾಗಿ ಊರಿಗೆ ಹತ್ತಿರದ ಕಾಲೇಜು, ಬೇಕಾದ ವಿಷಯ ಎರಡನ್ನೂ ಒಟ್ಟಿಗೆ ಹುಡುಕುವ ವಿದ್ಯಾರ್ಥಿ ತನಗೆ ಗೊತ್ತಿಲ್ಲದೆಯೇ ವಿ.ವಿ. ಗಡಿ ದಾಟುತ್ತಾನೆ.

ಇದರಲ್ಲಿ ಎರಡು ಬದಲಾವಣೆಗಳಿವೆ. ವಿ.ವಿ. ಬದಲಿಸುವುದಕ್ಕೆ ನಿಯಮ ಇದೆ, ನಮೂನೆ ಇದೆ, ಶುಲ್ಕ ಇದೆ. ಕಷ್ಟವಿರುವುದು ವಿಷಯ ಬದಲಿಸುವುದರಲ್ಲಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳುವವರು ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಹೊಸ ಕಡೆಯಿಂದ ಲಿಖಿತ ಒಪ್ಪಿಗೆ ಬರುವ ಮೊದಲೇ ಹಳೇ ಕಾಲೇಜಿನಿಂದ ಟಿ.ಸಿ. ತೆಗೆದುಕೊಂಡುಬಿಡುತ್ತಾರೆ. ಇಲ್ಲಿ ಹೇಳಿರುವುದು ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುತ್ತಿರುವವರಿಗೆ. ಎಂಜಿನಿಯರಿಂಗ್, ನರ್ಸಿಂಗ್, ಕೃಷಿ ಪದವಿಗಳ ದಾರಿಯೇ ಬೇರೆ.

ನಿಮ್ಮದು ಯಾವ ದಾರಿ?

ಸೇರಬೇಕೆಂದಿರುವ ವಿ.ವಿ.ಯ ಪದವಿ ನಿಯಮಾವಳಿ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ‘ಪ್ರವೇಶ ವರ್ಗಾವಣೆ’ಗೆ ಸಂಬಂಧಿಸಿದ ಭಾಗವನ್ನು ಮೊದಲು ಓದಿ. ಬೆಂಗಳೂರು ವಿ.ವಿ.ಯ ಸೆಮಿಸ್ಟರ್ ಪದ್ಧತಿಯ ನಿಯಮಾವಳಿಯಲ್ಲಿರುವ ಷರತ್ತುಗಳು ಮಾದರಿಯಾಗಿ ಹೀಗಿವೆ. ವರ್ಗಾವಣೆ ಬೆಸ ಸೆಮಿಸ್ಟರ್‌ಗೆ ಮಾತ್ರ, ಅಂದರೆ ಮೂರನೆಯದಕ್ಕೆ ಅಥವಾ ಐದನೆಯದಕ್ಕೆ. ಬೇರೆ ವಿ.ವಿ.ಯಿಂದ ಬರುವವರು ಹಿಂದಿನ ಎಲ್ಲ ಸೆಮಿಸ್ಟರ್‌ಗಳ ಎಲ್ಲ ವಿಷಯಗಳಲ್ಲಿ ಪಾಸಾಗಿರಬೇಕು. ಹೊಸ ಕಾಲೇಜಿಗೆ ಮಂಜೂರಾದ ಸೀಟುಗಳ ಒಳಗೇ ಜಾಗ ಇರಬೇಕು. ವಲಸೆ ಬಂದವರಿಗೆ ದರ್ಜೆ ಸಿಗುತ್ತದೆ, ರ‍್ಯಾಂಕ್ ಸಿಗುವುದಿಲ್ಲ. ಒಂದೇ ವಿ.ವಿ.ಯೊಳಗೆ ಕಾಲೇಜು ಬದಲಿಸುವವರಿಗೆ ಇನ್ನೊಂದು ಷರತ್ತೂ ಉಂಟು: ಇಲ್ಲಿಯವರೆಗೆ ಓದಿದ ಕಾಂಬಿನೇಷನ್, ಅಂದರೆ ಮೂರು ಮುಖ್ಯ ವಿಷಯಗಳ ಗುಂಪು, ಹೊಸ ಕಾಲೇಜಿನಲ್ಲೂ ಇರಬೇಕು. ವರ್ಗಾವಣೆ ಎಂಬ ವ್ಯವಸ್ಥೆ ಓದುತ್ತಿರುವುದನ್ನೇ ಮುಂದುವರಿಸುವವರಿಗಾಗಿ ಇದೆ ಎಂಬುದು ಇದರಿಂದ ಸ್ಪಷ್ಟ.

ಮೂರರಲ್ಲಿ ಒಂದು ವಿಷಯ ಮಾತ್ರ ಬದಲಾಗುತ್ತದೆ ಎನ್ನಿ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದುತ್ತಿರುವವರು ರಸಾಯನವಿಜ್ಞಾನ ಬಿಟ್ಟು ಕಂಪ್ಯೂಟರ್ ಸೈನ್ಸ್ ಕೇಳುವುದು ಇಂಥ ಉದಾಹರಣೆ. ಆಗ ವಿ.ವಿ.ಯ ವಿಶೇಷ ಅನುಮತಿ ಬೇಕು. ಅನುಮತಿ ಸಿಕ್ಕರೂ ಹೊಸ ವಿಷಯದ ಮೊದಲೆರಡು ಸೆಮಿಸ್ಟರ್‌ಗಳ ಪೇಪರು, ಪ್ರಾಯೋಗಿಕ ಪರೀಕ್ಷೆಗಳನ್ನು ಮೂರನೇ ಸೆಮಿಸ್ಟರ್‌ನ ಓದಿನ ಜೊತೆಗೇ ಮುಗಿಸಬೇಕಾಗಬಹುದು. ಪ್ರಯೋಗಾಲಯದ ವಿಷಯವಾದರೆ ಈ ಹೊರೆ ಇನ್ನೂ ಹೆಚ್ಚು. ಜೂನಿಯರ್ ಬ್ಯಾಚಿನ ಲ್ಯಾಬ್ ಅವಧಿಯೂ ನಿಮ್ಮ ತರಗತಿಯೂ ಒಂದೇ ಹೊತ್ತಿಗೆ ಬಿದ್ದರೆ ವೇಳಾಪಟ್ಟಿಯೇ ಅಡ್ಡ ಬರುತ್ತದೆ. ಅದನ್ನು ವಿಭಾಗದ ಮುಖ್ಯಸ್ಥರಲ್ಲಿ ಮೊದಲೇ ಕೇಳಿಕೊಳ್ಳಿ.

ಮುಖ್ಯ ವಿಷಯಗಳೆಲ್ಲ ಬದಲಾಗುವುದಾದರೆ, ಉದಾಹರಣೆಗೆ ಬಿ.ಎಸ್ಸಿ. ಬಿಟ್ಟು ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಕ್ಕೆ ಹೋಗುವುದಾದರೆ, ವರ್ಗಾವಣೆಯ ಮಾತು ಬಿಡಿ. ಅದು ಮೊದಲ ಸೆಮಿಸ್ಟರ್‌ಗೆ ಹೊಸ ಪ್ರವೇಶ. ಒಂದು ವರ್ಷ ಹೋಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿ. ಆ ವರ್ಷ ಉಳಿಸಲು ಹೋಗಿ ಎರಡು ವರ್ಷ ಕಳೆದುಕೊಳ್ಳುವುದಕ್ಕಿಂತ, ವಿಷಯ ಹಿಡಿಸುತ್ತಿಲ್ಲ ಎಂದು ಖಚಿತವಾಗಿದ್ದರೆ ಮೊದಲ ವರ್ಷದಲ್ಲೇ ಈ ನಿರ್ಧಾರ ತೆಗೆದುಕೊಳ್ಳುವುದು ಮೇಲು.

ಯಾವ ದಾರಿಯಾದರೂ ಪಿಯುಸಿ ಅಂಕಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ವಿಜ್ಞಾನದಿಂದ ಕಲೆಗೆ, ವಾಣಿಜ್ಯಕ್ಕೆ ಬರುವುದು ಸುಲಭ. ಕಲೆಯಿಂದ ಬಿ.ಎಸ್ಸಿ.ಗೆ ಹೋಗಲು ಪಿಯುಸಿಯ ವಿಷಯಗಳೇ ತಡೆಯುತ್ತವೆ. ಗಣಿತ ಮುಖ್ಯವಾಗಿರುವ ಪದವಿಗೆ ಪಿಯುಸಿಯಲ್ಲಿ ಗಣಿತ ಓದಿದ್ದೀರಾ ಎಂದೇ ಮೊದಲು ಕೇಳುತ್ತಾರೆ.

ಪೇಪರಿಗೆ ಪೇಪರು ತಾಳೆ

ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚಿನವರು ಸಮಯ ಕೊಡದಿರುವುದೂ ಇದಕ್ಕೇ. ‘ಎರಡೂ ಕಡೆ ಬಿ.ಎಸ್ಸಿ. ತಾನೇ’ ಎಂಬ ವಾದ ಕಚೇರಿಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಪೇಪರು ಅವರ ಯಾವ ಪೇಪರಿಗೆ ಸಮ ಎಂಬುದನ್ನು ಆಯಾ ವಿಷಯದ ಅಧ್ಯಯನ ಮಂಡಳಿ, ಅಂದರೆ ಬಿಒಎಸ್, ನೋಡಿ ಹೇಳಬೇಕು. ಅವರ ಮುಂದೆ ಹೋಗುವ ಕಡತ ಅಚ್ಚುಕಟ್ಟಾಗಿದ್ದರೆ ತೀರ್ಮಾನವೂ ಬೇಗ ಬರುತ್ತದೆ.

ಉದ್ದದ ಹಾಳೆಯಲ್ಲಿ ಒಂದು ಕೋಷ್ಟಕ ಮಾಡಿ. ಎಡಕ್ಕೆ ನೀವು ಪಾಸಾದ ಪ್ರತಿಯೊಂದು ಪೇಪರಿನ ಸೆಮಿಸ್ಟರ್, ಕೋಡ್, ಹೆಸರು, ಕ್ರೆಡಿಟ್, ವಾರಕ್ಕೆ ಎಷ್ಟು ಗಂಟೆ, ಆಂತರಿಕ ಅಂಕ, ಪರೀಕ್ಷೆಯ ಅಂಕ ಬರೆಯಿರಿ. ಬಲಕ್ಕೆ ಹೊಸ ವಿ.ವಿ.ಯ ಪಠ್ಯಕ್ರಮದಲ್ಲಿ ಅದಕ್ಕೆ ಹತ್ತಿರವಾದ ಪೇಪರಿನ ಅದೇ ವಿವರ ಇರಲಿ. ಕ್ರೆಡಿಟ್ ಲೆಕ್ಕ ಸರಳ: ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಾಯೋಗಿಕಕ್ಕೆ ಒಂದು ಕ್ರೆಡಿಟ್. ನಿಮ್ಮ ಪೇಪರು 3 ಕ್ರೆಡಿಟ್ಟಿನದು, ಅವರದು 4 ಕ್ರೆಡಿಟ್ಟಿನದು ಎಂದಾದರೆ ಆ ಒಂದು ಕ್ರೆಡಿಟ್ ಕೊರತೆಯನ್ನು ಮುಚ್ಚಿಡಬೇಡಿ. ಕೋಷ್ಟಕದಲ್ಲೇ ಕಾಣಿಸಿ, ಅದನ್ನು ತುಂಬಿಕೊಡಲು ಸಿದ್ಧ ಎಂದು ಅರ್ಜಿಯಲ್ಲಿ ಬರೆಯಿರಿ. ಭಾಷಾ ಪೇಪರುಗಳನ್ನೂ ಕಡ್ಡಾಯ ಪೇಪರುಗಳನ್ನೂ ಪಟ್ಟಿಗೆ ಸೇರಿಸಿ. ಮುಖ್ಯ ವಿಷಯ ಪೂರ್ತಿ ಬದಲಾದಾಗಲೂ ವಿನಾಯಿತಿ ಕೇಳಲು ಅವಕಾಶ ಇರುವುದು ಇವುಗಳಲ್ಲೇ.

ಕೋಷ್ಟಕದ ಜೊತೆಗೆ ಪಠ್ಯಕ್ರಮದ ಪ್ರತಿ ಬೇಕು, ಪ್ರತಿ ಹಾಳೆಗೂ ಪ್ರಾಂಶುಪಾಲರ ಸಹಿ, ಸೀಲು ಇರಬೇಕು. ಅದು ನೀವು ಓದಿದ ವರ್ಷದ ಪಠ್ಯಕ್ರಮವೇ ಆಗಿರಬೇಕು ಎಂಬುದು ನೆನಪಿರಲಿ. ರಾಜ್ಯದಲ್ಲಿ 2021-22ರಿಂದ 2023-24ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಓದಿದವರು. 2024-25ರಿಂದ ಸೇರಿದವರಿಗೆ ಹಿಂದಿನಂತೆ ಮೂರು ವರ್ಷದ ಪದವಿ ಬಂದಿದೆ. ನಡುವೆ ಓದು ನಿಲ್ಲಿಸಿ ಈಗ ಮರಳುವವರು ಹಳೇ ಪಠ್ಯಕ್ರಮವನ್ನು ಹೊಸದಕ್ಕೆ ಹೊಂದಿಸಬೇಕಾಗುವುದರಿಂದ ಅವರ ಕೋಷ್ಟಕ ಉದ್ದವಾಗುತ್ತದೆ, ತಾಳೆಯಾಗುವ ಪೇಪರುಗಳು ಕಡಿಮೆಯಾಗುತ್ತವೆ.

ಕಾಗದಗಳ ಸರದಿ

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರದಲ್ಲೇ ಕೆಲಸ ಶುರು ಮಾಡಿ. ಫಲಿತಾಂಶ ಬರಲಿ ಎಂದು ಕಾದರೆ ಹೊತ್ತು ಮೀರುತ್ತದೆ.

ಮೊದಲಿಗೆ ಹೊಸ ಕಾಲೇಜಿಗೆ ಹೋಗಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಮೂರನೇ ಸೆಮಿಸ್ಟರ್‌ನಲ್ಲಿ ಈ ಕಾಂಬಿನೇಷನ್‌ಗೆ ಸೀಟು ಖಾಲಿ ಇದೆ, ವಿ.ವಿ. ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ ಎಂಬ ಪತ್ರ ಕೇಳಿ. ‘ಬನ್ನಿ, ನೋಡೋಣ’ ಎಂಬ ಬಾಯಿಮಾತಿಗೆ ಬೆಲೆ ಇಲ್ಲ. ಆ ಪತ್ರ, ಕೋಷ್ಟಕ, ಪಠ್ಯಕ್ರಮ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಸೆಮಿಸ್ಟರ್ ಅಂಕಪಟ್ಟಿಗಳನ್ನು ಸೇರಿಸಿ ಹೊಸ ವಿ.ವಿ.ಯ ಕುಲಸಚಿವರ ಹೆಸರಿಗೆ ಅರ್ಜಿ ಬರೆದು, ಹೊಸ ಕಾಲೇಜಿನ ಮೂಲಕವೇ ಕಳುಹಿಸಿ. ಸ್ವತಃ ಕೊಡುವುದಾದರೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಗೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದೆ ವಿಚಾರಿಸುವಾಗ ಆ ನಂಬರೇ ಆಧಾರ. ತುಮಕೂರು ವಿ.ವಿ.ಗೆ ಹೋಗುವವರು ಸಂಬಂಧಪಟ್ಟ ಶಾಖೆ ಊರಿನೊಳಗಿನ ಬಿ.ಎಚ್. ರಸ್ತೆಯ ಆವರಣದಲ್ಲಿದೆಯೋ ಬಿದರಕಟ್ಟೆಯ ಹೊಸ ಆವರಣದಲ್ಲಿದೆಯೋ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ. ಪಾವಗಡ, ತಿಪಟೂರಿನಂಥ ದೂರದ ಊರುಗಳಿಂದ ಬರುವವರಿಗೆ ಇಡೀ ಒಂದು ದಿನ ಉಳಿಯುತ್ತದೆ.

ಹೊಸ ವಿ.ವಿ.ಯ ಅನುಮತಿ ಪತ್ರ ಕೈಗೆ ಬಂದ ಮೇಲೆ ಹಳೇ ಕಡೆಯ ಕೆಲಸ. ಹಳೇ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ, ಎಲ್ಲರ ಬಾಯಲ್ಲಿ ಎನ್‌ಒಸಿ, ಪಡೆಯಿರಿ. ಅದಕ್ಕೆ ಮುಂಚೆ ಗ್ರಂಥಾಲಯ, ಲ್ಯಾಬ್, ಹಾಸ್ಟೆಲ್ ಬಾಕಿ ತೀರಿಸಿ. ಆಮೇಲೆ ಹಳೇ ವಿ.ವಿ.ಗೆ ಶುಲ್ಕ ಕಟ್ಟಿ ವಲಸೆ ಪ್ರಮಾಣಪತ್ರಕ್ಕೆ, ಅಂದರೆ ಮೈಗ್ರೇಷನ್‌ಗೆ ಅರ್ಜಿ ಹಾಕಿ. ಟಿ.ಸಿ. ಕೇಳುವುದು ಎಲ್ಲಕ್ಕಿಂತ ಕೊನೆಗೆ. ಟಿ.ಸಿ. ಬರೆದ ಗಳಿಗೆಯಿಂದ ನೀವು ಹಳೇ ಕಾಲೇಜಿನ ವಿದ್ಯಾರ್ಥಿ ಅಲ್ಲ. ಹೊಸ ಕಡೆ ಅರ್ಜಿ ತಿರಸ್ಕೃತವಾದರೆ ಹಿಂದಕ್ಕೆ ಹೋಗುವುದು ಪ್ರಾಂಶುಪಾಲರ, ವಿ.ವಿ.ಯ ದಯೆಯ ಮೇಲೆ ನಿಲ್ಲುತ್ತದೆ.

ಹೊಸದಾಗಿ ಮೊದಲ ಸೆಮಿಸ್ಟರ್‌ಗೆ ಸೇರುವವರಿಗೂ ಪದವಿ ಕಾಲೇಜಿನ ಟಿ.ಸಿ. ಬೇಕು. ಪಿಯುಸಿಯ ಟಿ.ಸಿ. ಮೊದಲ ಪ್ರವೇಶದಲ್ಲೇ ಹಳೇ ಕಾಲೇಜಿಗೆ ಸೇರಿಹೋಗಿರುತ್ತದೆ. ಒಂದು ವರ್ಷ ಮನೆಯಲ್ಲಿದ್ದೆ ಎಂದು ಹೇಳಿ ಹಿಂದಿನ ಓದು ಮರೆಮಾಚಬೇಡಿ. ರಾಜ್ಯದ ಸಾರ್ವಜನಿಕ ವಿ.ವಿ.ಗಳ ಪದವಿ ಪ್ರವೇಶ, ಪರೀಕ್ಷೆ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಲ್ಲಿ ನಡೆಯುವುದರಿಂದ ಹಳೇ ದಾಖಲೆ ಅಲ್ಲೇ ಇರುತ್ತದೆ. ಹಳೇ ಕಾಲೇಜಿನವರು ನಿಮ್ಮ ಪ್ರವೇಶವನ್ನು ಅದರಲ್ಲಿ ರದ್ದು ಮಾಡಿದ್ದಾರೆಯೇ ಎಂದು ಟಿ.ಸಿ. ತೆಗೆದುಕೊಂಡ ದಿನವೇ ಕಚೇರಿಯಲ್ಲಿ ನಿಂತು ನೋಡಿಕೊಳ್ಳಿ. ಕ್ರೆಡಿಟ್‌ಗಳನ್ನು ಇಡುವ ಎಬಿಸಿ ಖಾತೆಯ 12 ಅಂಕಿಯ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಹೊಸ ಕಾಲೇಜಿಗೂ ಅದನ್ನೇ ಕೊಡಿ, ಎರಡನೆಯದನ್ನು ಮಾಡಿಸಬೇಡಿ.

ಎಲ್ಲಿ ಕೈಕೊಡುತ್ತದೆ

ಒಂದು ಪೇಪರು ಫೇಲಾಗಿದ್ದು, ಮರುಮೌಲ್ಯಮಾಪನಕ್ಕೆ ಹಾಕಿದ್ದೇನೆ, ಬರುತ್ತದೆ ಎಂಬ ಭರವಸೆಯಲ್ಲಿ ಅರ್ಜಿ ಕೊಡುವವರು ಬಹಳ. ಆ ಫಲಿತಾಂಶ ಬರುವ ಹೊತ್ತಿಗೆ ಪ್ರವೇಶದ ಕೊನೆಯ ದಿನ ಮುಗಿದಿರುತ್ತದೆ. ಬ್ಯಾಕ್‌ಲಾಗ್ ಇದ್ದರೆ ಐದನೇ ಸೆಮಿಸ್ಟರ್‌ವರೆಗೆ ಕಾಯುವುದೋ ಹೊಸದಾಗಿ ಸೇರುವುದೋ ಎಂದು ಆಗಲೇ ತೀರ್ಮಾನಿಸಿ.

ಹಾಜರಾತಿಯದು ಕಣ್ಣಿಗೆ ಕಾಣದ ಹಳ್ಳ. ಕನಿಷ್ಠ ಶೇ 75 ಬೇಕು. 16 ವಾರದ ಸೆಮಿಸ್ಟರ್‌ನಲ್ಲಿ ನಾಲ್ಕು ವಾರ ತಡವಾಗಿ ಸೇರಿದರೆ ಶೇ 25 ಅಲ್ಲಿಗೇ ಹೋಯಿತು, ಆಮೇಲೆ ಜ್ವರ ಬಂದರೂ ಒಂದು ದಿನ ರಜೆ ಹಾಕುವಂತಿಲ್ಲ. ಆದ್ದರಿಂದ ಅನುಮತಿ ಬಾಕಿ ಇರುವಾಗ ಹಳೇ ಕಾಲೇಜಿನ ಮೂರನೇ ಸೆಮಿಸ್ಟರ್‌ಗೆ ಹೋಗುತ್ತಿರಿ. ಸೇರುವಾಗ ಅಲ್ಲಿಂದ ಹಾಜರಾತಿ ಪತ್ರ ತೆಗೆದುಕೊಂಡು, ಅದನ್ನು ಲೆಕ್ಕಕ್ಕೆ ಹಿಡಿಯುವಂತೆ ಹೊಸ ಪ್ರಾಂಶುಪಾಲರಿಗೆ ಬರೆದುಕೊಡಿ.

ಹೆಸರಿನದು ಇನ್ನೊಂದು ತೊಡಕು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಟಿ.ಸಿ.ಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಮೂರು ಕಡೆ ಮೂವರಾಗುತ್ತೀರಿ. ಎಸ್ಸೆಸ್ಸೆಲ್ಸಿಯ ಹೆಸರನ್ನೇ ಮೂಲವಾಗಿಟ್ಟುಕೊಂಡು ಉಳಿದದ್ದನ್ನು ಮೊದಲೇ ಸರಿಮಾಡಿಸಿ.

ಹಣ, ಹಾಸ್ಟೆಲ್

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ನಿಯಮದಲ್ಲಿ, ಮುಂಚಿತವಾಗಿ ಸರ್ಕಾರದ ಅನುಮತಿ ಪಡೆಯದೆ ವಿಷಯವನ್ನೋ ಸಂಸ್ಥೆಯನ್ನೋ ಬದಲಿಸಿದರೆ ವೇತನ ರದ್ದು ಮಾಡಬಹುದು ಎಂದಿದೆ. ಯಾವುದೇ ವಿದ್ಯಾರ್ಥಿವೇತನ ಬರುತ್ತಿರಲಿ, ಟಿ.ಸಿ.ಗೆ ಮೊದಲು ಆಯಾ ಇಲಾಖೆಯ ತಾಲ್ಲೂಕು ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯಲ್ಲಿ ಮುಂದಿನ ಅರ್ಜಿ ಹಾಕುವಾಗ ಹೊಸ ಕಾಲೇಜು, ಹೊಸ ನೋಂದಣಿ ಸಂಖ್ಯೆ ಬರುವಂತೆ ನೋಡಿಕೊಳ್ಳಿ. ಸರ್ಕಾರಿ ಹಾಸ್ಟೆಲ್ ಸೀಟು ನಿಮ್ಮ ಜೊತೆ ಬರುತ್ತದೆ ಎಂದುಕೊಳ್ಳಬೇಡಿ. ಹೊಸ ಊರಿನಲ್ಲಿ ಮತ್ತೆ ಅರ್ಜಿ ಹಾಕಬೇಕು.

ಮೊದಲ ವರ್ಷಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಮನಸ್ಸು ಬದಲಾದವರಿಗೆ ಒಂದು ಅನುಕೂಲ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನದ ನಂತರ 15 ದಿನದೊಳಗೆ ಬಿಟ್ಟರೆ ಶುಲ್ಕದ ಶೇ 80, 15ರಿಂದ 30 ದಿನದೊಳಗೆ ಬಿಟ್ಟರೆ ಶೇ 50 ಹಿಂತಿರುಗಿಸಬೇಕು. 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಸೂಚನೆ ಹೇಳುತ್ತದೆ. ಕೊಡುವುದಿಲ್ಲ ಎಂದರೆ ಈ ಸೂಚನೆಯ ಪ್ರತಿ ಲಗತ್ತಿಸಿ ಅರ್ಜಿ ಬರೆಯಿರಿ.

ಅನುಮತಿ ಸಿಗದವರಿಗೂ, ವರ್ಷ ಕಳೆಯಲಾಗದವರಿಗೂ ಇನ್ನೊಂದು ದಾರಿ ತೆರೆದಿದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಒಪ್ಪಿದೆ. ಚಿಂತಾಮಣಿಯಲ್ಲೋ ಶಿರಾದಲ್ಲೋ ಬಿ.ಕಾಂ. ಮುಂದುವರಿಸುತ್ತಲೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿ.ವಿ.ಯಲ್ಲಿ ಬಿ.ಎ.ಗೆ ಸೇರಬಹುದು. ಸೇರುವ ಮೊದಲು ಎರಡೂ ವಿ.ವಿ.ಗಳ ಪರೀಕ್ಷಾ ದಿನಾಂಕಗಳನ್ನು ಹಿಂದಿನ ವರ್ಷದ ವೇಳಾಪಟ್ಟಿ ಹಿಡಿದು ಹೋಲಿಸಿ ನೋಡಿ.

ವರ್ಗಾವಣೆ ಆಯಿತು, ಪಾಠವೂ ಶುರುವಾಯಿತು ಎನ್ನುವವರಿಗೆ ಇನ್ನೂ ಒಂದು ಕೆಲಸ ಬಾಕಿ. ಪರೀಕ್ಷಾ ಅರ್ಜಿ ತೆರೆದ ದಿನವೇ ಯುಯುಸಿಎಂಎಸ್‌ಗೆ ಲಾಗಿನ್ ಆಗಿ, ನಿಮ್ಮ ಹೆಸರಿನ ಮುಂದೆ ಬಂದಿರುವ ಪೇಪರ್ ಕೋಡ್‌ಗಳನ್ನು ಅನುಮತಿ ಪತ್ರದ ಜೊತೆ ಒಂದೊಂದಾಗಿ ಹೋಲಿಸಿ. ಬಿಟ್ಟುಹೋದ ಕೋಡ್ ಸೇರಿಸುವುದು ಅರ್ಜಿಯ ಕೊನೆಯ ದಿನದವರೆಗೆ ಕಾಲೇಜಿನ ಮಟ್ಟದಲ್ಲೇ ಆಗುವ ಕೆಲಸ; ಹಾಲ್ ಟಿಕೆಟ್ ಬಂದ ಮೇಲೆ ಅದಕ್ಕಾಗಿ ವಿ.ವಿ.ಯ ಪರೀಕ್ಷಾ ವಿಭಾಗಕ್ಕೇ ಓಡಬೇಕಾಗುತ್ತದೆ.