ಚುನಾವಣಾ ಭಿತ್ತಿಚಿತ್ರಗಳ ಸಂಗ್ರಹ ಮತ್ತು ಮಾರಾಟ: ನನ್ನ ಅನುಭವ

ಬರಾಕ್ ಒಬಾಮ ಅವರ ಪ್ರಚಾರ ಸಮಿತಿಯು 2008ರಲ್ಲಿ ಹೆಸರಾಂತ ಕಲಾವಿದರಿಂದ ಭಿತ್ತಿಚಿತ್ರಗಳನ್ನು ಮಾಡಿಸಿ, ಸೀಮಿತ ಸಂಖ್ಯೆಯಲ್ಲಿ ಅಚ್ಚು ಹಾಕಿಸಿ, ತನ್ನದೇ ಅಂಗಡಿಯ ಮೂಲಕ ಮಾರುತ್ತಿದ್ದ ಕಾಲದಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೆ. ಶೆಪರ್ಡ್ ಫೇರಿ ಅವರ ‘ಚೇಂಜ್’ ಮತ್ತು ಸ್ಕಾಟ್ ಹ್ಯಾನ್ಸನ್ ಅವರ ‘ಪ್ರೋಗ್ರೆಸ್’ ತಲಾ 5,000 ಪ್ರತಿಗಳ ಆವೃತ್ತಿಗಳಾಗಿದ್ದವು. ಒಂದು ಪ್ರತಿಗೆ 70 ಡಾಲರ್. ನನ್ನ ಸಂಗ್ರಹ ಆರಂಭವಾದದ್ದು ಇವುಗಳಿಂದ.

ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಲದು ಎಂಬುದು ಆಗಲೇ ತಿಳಿಯಿತು. ಪ್ರಚಾರ ಸಮಿತಿಯಿಂದ ಟೀ-ಶರ್ಟ್ ಕೊಂಡರೂ ಚಿತ್ರ ಕೊಂಡರೂ ಆ ಮೊತ್ತವನ್ನು ಅಮೆರಿಕದ ಕಾನೂನು ಚುನಾವಣಾ ದೇಣಿಗೆಯೆಂದೇ ಪರಿಗಣಿಸುತ್ತದೆ, ಮತ್ತು ವಿದೇಶೀಯರು ದೇಣಿಗೆ ಕೊಡುವಂತಿಲ್ಲ. ನನಗೆ ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿದ್ದರಿಂದ ಅಡ್ಡಿಯಿರಲಿಲ್ಲ. ಎಚ್-1ಬಿ ವೀಸಾದಲ್ಲಿದ್ದ ಕನ್ನಡದ ಗೆಳೆಯರು ಕೆಲವರು ತಮ್ಮ ಪರವಾಗಿ ಒಂದೊಂದು ಪ್ರತಿ ತರಿಸಿಕೊಡುವಂತೆ ಕೇಳಿದರು. ಇನ್ನೊಬ್ಬರ ಹಣವನ್ನು ನನ್ನ ಹೆಸರಿನಲ್ಲಿ ಕೊಡುವುದೂ ಅಪರಾಧವಾದ್ದರಿಂದ ಒಪ್ಪಲಿಲ್ಲ. ಆ ಸಾಲಿನಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ ಕೊಡಬಹುದಾಗಿದ್ದ ಮಿತಿ 2,300 ಡಾಲರ್. ಕೊಟ್ಟ ಒಟ್ಟು ಮೊತ್ತ 200 ಡಾಲರ್ ದಾಟಿದರೆ ಕೊಟ್ಟವರ ಹೆಸರು, ಉದ್ಯೋಗ, ಉದ್ಯೋಗದಾತರ ವಿವರಗಳು ಫೆಡರಲ್ ಚುನಾವಣಾ ಆಯೋಗದ ಸಾರ್ವಜನಿಕ ದಾಖಲೆಗೆ ಸೇರುತ್ತವೆ. ಇದನ್ನು ಕಿರಿಕಿರಿಯೆಂದು ಭಾವಿಸುವವರುಂಟು. ಆದರೆ ಮುಂದೆ ಮಾರುವಾಗ ಪ್ರತಿಯ ಪೂರ್ವಾಪರವನ್ನು, ಅಂದರೆ ಅದು ಎಲ್ಲಿಂದ ಬಂತೆಂಬುದನ್ನು, ಸಾಬೀತುಪಡಿಸಲು ಸಮಿತಿಯ ರಸೀದಿಯಷ್ಟು ಉಪಯೋಗಕ್ಕೆ ಬಂದ ಕಾಗದ ನನ್ನಲ್ಲಿ ಬೇರೊಂದಿಲ್ಲ.

ಪೂರ್ವಾಪರಕ್ಕೆ ಇಷ್ಟು ಮಹತ್ವ ಏಕೆಂದರೆ ಈ ವ್ಯಾಪಾರದಲ್ಲಿ ಚಿತ್ರ ಒಂದೇ ಇದ್ದು ಹಾಳೆಗಳು ಹಲವು ಬಗೆಯವಾಗಿರುತ್ತವೆ. ಫೇರಿ ಅವರ ಪ್ರಸಿದ್ಧ ಒಬಾಮ ಮುಖವನ್ನೇ ತೆಗೆದುಕೊಳ್ಳಿ. 2008ರ ಜನವರಿಯಲ್ಲಿ ಮೊದಲು ಅಚ್ಚಾದ ಪ್ರತಿಗಳಲ್ಲಿ ಮುಖದ ಕೆಳಗೆ ‘ಪ್ರೋಗ್ರೆಸ್’ ಎಂದಿತ್ತು (ಹ್ಯಾನ್ಸನ್ ಅವರ ಚಿತ್ರ ಬೇರೆ). ಅವು ಸುಮಾರು 700, ಅದರಲ್ಲಿ ಅರ್ಧ ಮಾರಾಟಕ್ಕೆ, ಉಳಿದರ್ಧ ಗೋಡೆಗಳಿಗೆ. ಸ್ವಲ್ಪ ದಿನದಲ್ಲೇ ಅಲ್ಲಿ ‘ಹೋಪ್’ ಎಂಬ ಪದ ಬಂದಿತು, ಜಗತ್ತು ನೆನಪಿಟ್ಟುಕೊಂಡದ್ದು ಅದನ್ನು. ಆಮೇಲೆ ಲಕ್ಷಗಟ್ಟಲೆ ಆಫ್‌ಸೆಟ್ ಪ್ರತಿಗಳೂ (ಪತ್ರಿಕೆಗಳಂತೆ ಯಂತ್ರದಲ್ಲಿ ಅಚ್ಚಾದವು) ಸ್ಟಿಕರ್‌ಗಳೂ ಹಂಚಿಹೋದವು. ಕೈಯಿಂದ ಮಾಡಿದ ಕೊರೆಯಚ್ಚಿನ (ಸ್ಟೆನ್ಸಿಲ್) ದೊಡ್ಡ ಕೊಲಾಜ್ (ಕಾಗದಗಳನ್ನು ಅಂಟಿಸಿ ಮಾಡಿದ ಚಿತ್ರ) ಒಂದನ್ನು ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯು 2009ರ ಜನವರಿಯಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ದೂರದಿಂದ ನೋಡಿದರೆ ಇವೆಲ್ಲ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಆದ್ದರಿಂದ ಯಾರಾದರೂ ಹಾಳೆ ತಂದು ತೋರಿಸಿದರೆ ಚಿತ್ರವನ್ನು ಕೊನೆಗೆ ನೋಡುತ್ತೇನೆ. ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ನೀಲಿ ಮತ್ತು ಕೆಂಪು ಸೇರುವ ಅಂಚಿನ ಮೇಲಿಡುತ್ತೇನೆ. ಆಫ್‌ಸೆಟ್ ಆಗಿದ್ದರೆ, ಬಣ್ಣ ತಿಳಿಯಾಗುವ ಕಡೆಯಲ್ಲಿ ಚಿಕ್ಕ ಚುಕ್ಕಿಗಳು ಹೂವಿನ ಎಸಳುಗಳಂತೆ ಸುತ್ತಿಕೊಂಡಿರುವುದು ಸಾಮಾನ್ಯವಾಗಿ ಕಾಣುತ್ತದೆ. ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಒಂದೊಂದೇ ಬಣ್ಣ ಒತ್ತಿ ಅಚ್ಚು ಹಾಕಿದ್ದು) ಆಗಿದ್ದರೆ ಬಣ್ಣ ಒಂದೇ ಸಮನೆ ದಟ್ಟವಾಗಿದ್ದು, ಒಂದು ಬಣ್ಣದ ಮೇಲೆ ಇನ್ನೊಂದು ಕೂದಲೆಳೆಯಷ್ಟು ಹತ್ತಿ ಕುಳಿತ ಜಾಗದಲ್ಲಿ ಸಣ್ಣದೊಂದು ಏರು ಇರುತ್ತದೆ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಆ ಏರು ಮಿನುಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದವರಿಗೆ, ಅಕ್ಷರದ ಮೇಲೆ ಬೆರಳಾಡಿಸಿದಾಗ ತಾಕುವ ಶಾಯಿಯ ಆ ದಪ್ಪ ಹೊಸದೇನಲ್ಲ. ಕಾಗದವೂ ಸಾಕ್ಷಿ ನುಡಿಯುತ್ತದೆ: ಫೇರಿ ಅವರ ಹಲವು ಸ್ಕ್ರೀನ್ ಪ್ರಿಂಟ್‌ಗಳು ಕೆನೆಬಣ್ಣದ, ಒಡಲಲ್ಲಿ ಸಣ್ಣ ಕಂದು ಚುಕ್ಕೆಗಳಿರುವ ಕಾಗದದ ಮೇಲಿವೆ. ಸಹಿಯು ಪೆನ್ಸಿಲಿನದಾಗಿದ್ದರೆ ಹಿಂಬದಿಯಲ್ಲಿ ಒತ್ತಡದ ಗುರುತು ಅಲ್ಪಸ್ವಲ್ಪವಾದರೂ ಮೂಡಿರಬೇಕು. ಹಾಗೆಂದು ‘ಸೀಮಿತ ಆವೃತ್ತಿ’ ಎಂದಾಕ್ಷಣ ಅದು ಸ್ಕ್ರೀನ್ ಪ್ರಿಂಟೇ ಆಗಿರಬೇಕೆಂದಿಲ್ಲ, ಆಫ್‌ಸೆಟ್ ಪ್ರತಿಗಳಿಗೂ ಕ್ರಮಸಂಖ್ಯೆ ಹಾಕುವವರಿದ್ದಾರೆ. ಕೊಳ್ಳುವವರಿಗೆ ಯಾವುದೆಂದು ಬಿಡಿಸಿ ಹೇಳುವುದು ಮಾರುವವನ ಹೊಣೆ.

ನಕಲಿನ ವಿಷಯದಲ್ಲಿ ಅಮೆರಿಕದಲ್ಲಿ 1973ರ ‘ಹಾಬಿ ಪ್ರೊಟೆಕ್ಷನ್ ಆ್ಯಕ್ಟ್’ ಎಂಬ ಕಾಯ್ದೆಯಿದೆ. ಚುನಾವಣಾ ಬಿಲ್ಲೆ, ಭಿತ್ತಿಚಿತ್ರ ಮುಂತಾದವುಗಳ ನಕಲು ತಯಾರಿಸುವವರು ತಯಾರಿಸಿದ ವರ್ಷವನ್ನು ಅಳಿಸಲಾಗದಂತೆ ಅದರ ಮೇಲೆ ಗುರುತಿಸಬೇಕು. ಹೀಗಾಗಿ ಹಾಳೆಯ ಅಂಚನ್ನು ಕತ್ತರಿಸಿ ಚೌಕಟ್ಟು ಹಾಕಿಸಿದ ಹಳೆಯ ಪ್ರತಿಗಳನ್ನು ನಾನು ಕೊಳ್ಳುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಏನಿತ್ತೆಂದು ಯಾರು ಬಲ್ಲರು?

ಹೋಪ್ ಚಿತ್ರದ ಮೇಲಿನ ಮೊಕದ್ದಮೆ ನಡೆಯುತ್ತಿದ್ದಾಗ, ಇದನ್ನು ಮಾರುವುದು ಕಾನೂನುಬದ್ಧವೇ ಎಂದು ಗಿರಾಕಿಗಳು ಪದೇ ಪದೇ ಕೇಳುತ್ತಿದ್ದರು. ಮ್ಯಾನಿ ಗಾರ್ಸಿಯಾ ಎಂಬ ಛಾಯಾಗ್ರಾಹಕರು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಗಾಗಿ 2006ರಲ್ಲಿ ತೆಗೆದ ಫೋಟೊವನ್ನು ಆಧರಿಸಿ ಫೇರಿ ಈ ಚಿತ್ರ ಮಾಡಿದ್ದರು. ಹಕ್ಕುಸ್ವಾಮ್ಯದ ವ್ಯಾಜ್ಯ 2011ರ ಜನವರಿಯಲ್ಲಿ ರಾಜಿಯಲ್ಲಿ ಮುಗಿಯಿತಾದರೂ, ಸಾಕ್ಷ್ಯವನ್ನು ತಿರುಚಿದ ಪ್ರಕರಣದಲ್ಲಿ ಫೇರಿ ತಪ್ಪೊಪ್ಪಿಕೊಂಡು 2012ರಲ್ಲಿ 25,000 ಡಾಲರ್ ದಂಡಕ್ಕೂ 300 ಗಂಟೆಗಳ ಸಮುದಾಯ ಸೇವೆಗೂ ಗುರಿಯಾದರು. ಸರಿಯಾದ ಮೂಲದಿಂದ ಕೊಂಡ ಪ್ರತಿಯನ್ನು ಮರಳಿ ಮಾರಲು ಅದರ ಒಡೆಯನಿಗೆ ಹಕ್ಕಿದೆ, ಆದರೆ ಅದರ ನಕಲು ತೆಗೆದು ಮಾರುವಂತಿಲ್ಲ ಎಂಬ ಉತ್ತರ ನನಗೆ ಕಂಠಪಾಠವಾಗಿತ್ತು. ಫೇರಿ ಅವರ ಮೇಲಿನ ಗೌರವ ನನಗೆ ಆ ಪ್ರಕರಣದಿಂದ ತುಸು ತಗ್ಗಿತು. ಹಾಳೆಯ ಬೇಡಿಕೆಯೇನೂ ತಗ್ಗಲಿಲ್ಲ.

ಯಾವಾಗ ಮಾರಬೇಕೆಂಬುದರಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಚುನಾವಣೆ ಗೆದ್ದ ದಿನದಿಂದ ಪ್ರಮಾಣವಚನದ ದಿನದವರೆಗೆ ಜನರು ಚಿತ್ರವನ್ನು ನೆನಪಿಗಾಗಿ ಕೊಳ್ಳುತ್ತಾರೆ, ಚೌಕಾಸಿ ಮಾಡುವುದಿಲ್ಲ. ನನ್ನ ಹೆಚ್ಚುವರಿ ಪ್ರತಿಗಳೆಲ್ಲ ಆ ಅವಧಿಯಲ್ಲೇ ಹೋದವು. ಅದಾದ ಮೇಲೆ, ಉಳಿಸಿಕೊಂಡವರೆಲ್ಲ ಒಟ್ಟಿಗೆ ಮಾರಲು ಹೊರಟಾಗ, 5,000 ಎಂಬುದು ಸಣ್ಣ ಸಂಖ್ಯೆಯಲ್ಲವೆಂದು ಮಾರುಕಟ್ಟೆಗೆ ಗೊತ್ತಾಗುತ್ತದೆ. ಗೆದ್ದವರ ಚಿತ್ರವನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಸೋತವರದ್ದು ಬೇರೆ ಕಥೆ. 1972ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಗೆದ್ದದ್ದು ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಅವರಿಗಾಗಿ ಖ್ಯಾತ ಕಲಾವಿದ ಆ್ಯಂಡಿ ವಾರ್ಹಾಲ್ ಮಾಡಿದ ಸ್ಕ್ರೀನ್ ಪ್ರಿಂಟಿನಲ್ಲಿ ಎದುರಾಳಿ ನಿಕ್ಸನ್ನರ ಮುಖವನ್ನು ಹಸಿರಾಗಿಸಿ, ಕೆಳಗೆ ‘ವೋಟ್ ಮೆಕ್‌ಗವರ್ನ್’ ಎಂದು ಗೀಚಲಾಗಿದೆ. ಲಾಸ್ ಏಂಜಲೀಸಿನ ಜೆಮಿನೈ ಮುದ್ರಣಶಾಲೆ ಹೊರತಂದ ಆವೃತ್ತಿ 250 ಪ್ರತಿಗಳದು. ಅದು ನನ್ನ ಕೈಗೆಟುಕುವಂಥದ್ದಲ್ಲ. ಅದರ ಬದಲು, 1968ರಲ್ಲಿ ಪಕ್ಷದ ಅಭ್ಯರ್ಥಿತನವನ್ನೇ ಪಡೆಯದೆ ಸೋತ ಯೂಜೀನ್ ಮೆಕಾರ್ಥಿಗಾಗಿ ಚಿತ್ರಕಾರ ಬೆನ್ ಷಾನ್ ಬರೆದ ಪಾರಿವಾಳದ ಆಫ್‌ಸೆಟ್ ಭಿತ್ತಿಚಿತ್ರವೊಂದನ್ನು ಕೊಂಡೆ. ಸಂಖ್ಯೆಯಿಲ್ಲ, ಸಹಿಯಿಲ್ಲ, ಬೆಲೆಯೂ ಹೆಚ್ಚಿರಲಿಲ್ಲ; ನನ್ನಲ್ಲಿರುವುದರಲ್ಲಿ ರೇಖೆಯ ದೃಷ್ಟಿಯಿಂದ ಅತ್ಯುತ್ತಮವಾದದ್ದು ಅದೇ ಎಂದು ನಾನು ಭಾವಿಸುತ್ತೇನೆ.

ಸಂರಕ್ಷಣೆಯ ಕೆಲಸ ಬೇಸರದ್ದಾದರೂ ಬೆಲೆ ನಿಲ್ಲುವುದು ಅದರಿಂದಲೇ. 24ಕ್ಕೆ 36 ಅಂಗುಲದ ಹಾಳೆಯನ್ನು ಒಂದೇ ಕೈಯಲ್ಲಿ ಎತ್ತಿದರೆ ಹೆಬ್ಬೆರಳಿನ ಬಳಿ ಅರ್ಧಚಂದ್ರಾಕಾರದ ಮಡಿಕೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಎದುರುಬದುರು ಮೂಲೆಗಳಲ್ಲಿ ಎರಡೂ ಕೈಗಳಿಂದ ಹಿಡಿಯಬೇಕು. ಆಮ್ಲರಹಿತ ಕಾಗದದ ನಡುವೆ ಅಡ್ಡ ಖಾನೆಯಲ್ಲಿ ಮಲಗಿಸಿಡುತ್ತೇನೆ. ಚೌಕಟ್ಟು ಹಾಕಿಸುವುದಾದರೆ ಹಲಗೆಗೆ ಅಂಟಿಸಬಾರದು, ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್ ಇರಬೇಕು. ಬೆಂಗಳೂರಿಗೆ ಕಳಿಸಿದ ಪ್ರತಿಗಳ ಜೊತೆ ನಡುಮನೆಯ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ ಎಂಬ ಚೀಟಿಯನ್ನೂ ಇಟ್ಟಿದ್ದೇನೆ.

ತೆರಿಗೆಯ ಮಾತೂ ಹೇಳಬೇಕು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಕಲಾಕೃತಿಯನ್ನು ಹವ್ಯಾಸಿ ಸಂಗ್ರಾಹಕನಾಗಿ ಮಾರಿದರೆ, ಲಾಭದ ಮೇಲೆ ಅಮೆರಿಕದ ಕೇಂದ್ರ ತೆರಿಗೆ ಗರಿಷ್ಠ ಶೇ 28. ಷೇರುಗಳಿಗಿರುವ ದರಕ್ಕಿಂತ ಇದು ಹೆಚ್ಚು. ವ್ಯಾಪಾರವನ್ನೇ ಕಸುಬಾಗಿಸಿಕೊಂಡವರಿಗೆ ಆ ಲಾಭ ಸಾಮಾನ್ಯ ಆದಾಯವೆನಿಸುತ್ತದೆ. ಎರಡರಲ್ಲಿ ಯಾವುದು ತನಗೆ ಅನ್ವಯಿಸುತ್ತದೆಂಬುದನ್ನು ಮೊದಲ ಮಾರಾಟಕ್ಕೆ ಮುಂಚೆಯೇ ಲೆಕ್ಕಪರಿಶೋಧಕರೊಂದಿಗೆ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೊಂಡ ಬೆಲೆಯ ರಸೀದಿಯನ್ನು ಎಷ್ಟು ವರ್ಷ, ಯಾವ ರೂಪದಲ್ಲಿ ಇಟ್ಟುಕೊಂಡಿರಬೇಕೆಂಬುದು ಅದರ ಮೇಲೆ ನಿಂತಿದೆ.