ವಿನೋದ್ ದುವಾ ಅವರಿಗೆ ವೀಕ್ಷಕರ ನುಡಿನಮನ: ಸಂಜೆಯ ಸಭೆ ನಡೆಸುವ ಬಗೆ

ಹಿಂದಿ ಟಿವಿ ಪತ್ರಕರ್ತ ವಿನೋದ್ ದುವಾ ತೀರಿಕೊಂಡದ್ದು 2021ರ ಡಿಸೆಂಬರ್ 4ರಂದು. ಅದೇ ದಿನ ಸಭೆ ಇಡುವುದಾದರೆ ಕೊಡಗಿನಲ್ಲಿ ಅರೇಬಿಕಾ ಕಾಫಿ ಕುಯ್ಲಿನ ಹೊತ್ತು. ತೋಟದ ಕೆಲಸ ಮುಗಿಸಿ ಜನ ಬರಬೇಕು, ಏಳಕ್ಕೆ ಮೊದಲು ಶುರು ಮಾಡಬೇಡಿ.

ಅವರ ಕಾರ್ಯಕ್ರಮಗಳಿಂದ ತಲಾ ಮೂರು ನಿಮಿಷದ ಐದು ವಿಡಿಯೊ ತುಣುಕು ತೋರಿಸಿದರೆ ಸಾಕು. ಸಾಮಾನ್ಯ ಜನ ಮಂತ್ರಿಗಳನ್ನೇ ನೇರವಾಗಿ ಪ್ರಶ್ನಿಸಿದ ದೂರದರ್ಶನದ ‘ಜನವಾಣಿ’ (1985) ಸಿಕ್ಕರೆ ಅದೇ ಮೊದಲಿರಲಿ. ಆಮೇಲೆ ಟಿವಿ ಪತ್ರಕರ್ತ ಪ್ರಣಯ್ ರಾಯ್ ಜೊತೆಗಿನ ಚುನಾವಣಾ ವಿಶ್ಲೇಷಣೆ: ರಾಯ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ದುವಾ ನಿಂತ ನಿಲುವಿನಲ್ಲೇ ಹಿಂದಿಗೆ ತರುತ್ತಿದ್ದ ಚಾಕಚಕ್ಯತೆ ಈಗ ನೋಡಿದರೂ ಬೆರಗು ಹುಟ್ಟಿಸುತ್ತದೆ. ಹಿಂದಿ ಬಾರದವರಿಗಾಗಿ ಪ್ರತಿ ತುಣುಕಿಗೂ ಮುಂಚೆ ಕನ್ನಡದಲ್ಲಿ ಎರಡು ಮಾತು ಹೇಳಿ. ನಡುವೆ ಅನುವಾದ ಬೇಡ, ಅವರ ದನಿಯೇ ಮುಚ್ಚಿಹೋಗುತ್ತದೆ.

ತೋಟದ ಕಡೆ ನೆಟ್‌ವರ್ಕ್ ನಂಬಬೇಡಿ. ಹಿಂದಿನ ದಿನವೇ ಪೆನ್‌ಡ್ರೈವ್‌ಗೆ ಹಾಕಿ, ಸಭೆಯಲ್ಲಿ ಇಡುವ ಟಿವಿಯಲ್ಲೇ ಓಡಿಸಿ ನೋಡಿ. ಹಳೆಯ ಚಿತ್ರಕ್ಕೆ ಟಿವಿಯ ಅಳತೆ 4:3 ಇರಲಿ, ಇಲ್ಲವಾದರೆ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ಹಳೆಯ ರೆಕಾರ್ಡಿಂಗಿನ ದನಿ ಸಣ್ಣದು, ಹೊರಗಿನ ಸ್ಪೀಕರ್ ಬೇಕೇ ಬೇಕು. ಕರೆಂಟಿಗೆ ಯುಪಿಎಸ್ ಇಟ್ಟುಕೊಳ್ಳಿ.

ಮಾತಾಡುವವರಿಗೆ ತಲಾ ಎರಡು ನಿಮಿಷ. ಹೊಗಳಿಕೆಗಿಂತ, ತಮಗೆ ನೆನಪುಳಿದ ಅವರ ಒಂದು ಪ್ರಶ್ನೆಯನ್ನು ಹೇಳಲಿ. ಅವರ ಮೇಲಿನ ರಾಜದ್ರೋಹ ಪ್ರಕರಣವನ್ನು ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ರದ್ದುಪಡಿಸಿದ ವಿಚಾರ ತಪ್ಪದೆ ಬರಲಿ. ಅದಕ್ಕೆ ಐದು ನಿಮಿಷ ಕೊಡಿ.